ಯುದ್ಧದ ಬಗ್ಗೆ ಕೇಳಿದರೆ ಸಿಗದ್ದು, ತೆಪ್ಪದ ಬಗ್ಗೆ ಕೇಳಿದಾಗ ಸಿಕ್ಕಿತು

ವಿಶಾಖಪಟ್ಟಣದ ಜಾಲರಿಪೇಟ ಅನ್ನೋ ಮೀನುಗಾರರ ಕೇರಿಯ ಮರಳಲ್ಲಿ ಒಂದು ಕಾಂಕ್ರೀಟ್ ಗೂಡು ಓರೆಯಾಗಿ ಕೂತಿದೆ. ನಾನು ಮೊದಲ ಸಲ ನೋಡಿದಾಗ ಅದರ ಮೇಲೆ ಮೀನಿನ ಬಲೆ ಒಣಗುತ್ತಿತ್ತು. ನೆರಳಲ್ಲಿ ಎರಡು ನಾಯಿ ಮಲಗಿದ್ದವು.

ನನ್ನ ಊರು ದಾವಣಗೆರೆ. ಕೆಲಸಕ್ಕೆ ಅಂತ ಇಲ್ಲಿಗೆ ಬಂದವನು ಇಲ್ಲೇ ಉಳಿದುಬಿಟ್ಟೆ. ಸಿವಿಲ್ ಕೆಲಸ ಮಾಡಿದ ಕೈ, ಕಾಂಕ್ರೀಟ್ ಕಂಡರೆ ತಟ್ಟಿ ನೋಡುತ್ತೆ. ಅದನ್ನೂ ತಟ್ಟಿದೆ. ಉಪ್ಪು ಗಾಳಿಗೆ ಮೇಲಿನ ಪದರ ಉದುರಿ ಜಲ್ಲಿ ಹೊರಗೆ ಬಂದಿತ್ತು. ಒಳಗೆ ಮಾತ್ರ ಗಟ್ಟಿಯಾಗಿತ್ತು. ಗೋಡೆಯಲ್ಲಿ ಬಂದೂಕಿನ ನಳಿಗೆ ಇಡೋಕೆ ಕಿಂಡಿ. ಇಂಥದ್ದಕ್ಕೆ ಪಿಲ್‌ಬಾಕ್ಸ್ ಅಂತ ಹೆಸರು, ಅಂದರೆ ಗುಳಿಗೆ ಡಬ್ಬಿ. ಎರಡನೇ ಮಹಾಯುದ್ಧದ ಕಾಲದ್ದು. ಆರ್‌ಕೆ ಬೀಚಿನಲ್ಲಿ ಕೋಸ್ಟಲ್ ಬ್ಯಾಟರಿ ಅನ್ನೋ ಜಾಗ ಇದೆಯಲ್ಲ, ಆ ಹೆಸರೂ ಅಲ್ಲಿದ್ದ ಫಿರಂಗಿಗಳಿಂದ ಬಂದದ್ದು; ಬ್ಯಾಟರಿ ಅಂದರೆ ಇಲ್ಲಿ ಫಿರಂಗಿಗಳ ನೆಲೆ. ಈಗ ಅಲ್ಲಿ ಜನ ಜೋಳ ತಿನ್ನುತ್ತಾ ಓಡಾಡುತ್ತಾರೆ.

1942ರ ಏಪ್ರಿಲ್ 6ರಂದು ಈ ಊರಿನ ಮೇಲೆ ಜಪಾನಿನ ವಿಮಾನಗಳು ಬಾಂಬು ಹಾಕಿದವು. ಬಂಗಾಳ ಕೊಲ್ಲಿಗೆ ಬಂದಿದ್ದ ರ್‍ಯೂಜೊ ಅನ್ನೋ ವಿಮಾನವಾಹಕ ಹಡಗಿನಿಂದ ಅವು ಹಾರಿ ಬಂದಿದ್ದವು. ಅವತ್ತೇ ಕಾಕಿನಾಡಕ್ಕೂ ಬಾಂಬು ಬಿತ್ತು. ಹಿಂದಿನ ದಿನ ಕೊಲಂಬೊ, ಮೂರು ದಿನ ಬಿಟ್ಟು ಟ್ರಿಂಕೋಮಲಿ. ವಿಶಾಖಪಟ್ಟಣದ ಬಂದರು ಶುರುವಾಗಿದ್ದೇ 1933ರಲ್ಲಿ. ಪಕ್ಕದಲ್ಲಿ ಸಿಂಧಿಯಾ ಕಂಪನಿಯ ಹಡಗು ಕಟ್ಟುವ ಕಾರ್ಖಾನೆಗೆ 1941ರ ಜೂನ್‌ನಲ್ಲಿ ರಾಜೇಂದ್ರ ಪ್ರಸಾದರು ಅಡಿಗಲ್ಲು ಇಟ್ಟಿದ್ದರು. ಆ ಕಂಪನಿಯ ವಾಲ್‌ಚಂದ್ ಹೀರಾಚಂದರೇ 1940ರಲ್ಲಿ ನಮ್ಮ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದವರು. ಇದು ಗೊತ್ತಾದಾಗ ನನಗೆ ಈ ಊರು ಇನ್ನೂ ಹತ್ತಿರವಾಯಿತು.

ಇಷ್ಟು ಪುಸ್ತಕದಲ್ಲಿ ಸಿಗುತ್ತೆ. ಗೂಡಿನ ಪಕ್ಕ ಬೆಳೆದವರ ನೆನಪು ಸಿಗಲ್ಲ. ಅದನ್ನು ಕೂಡಿಸಬೇಕು ಅಂತ 2008ರಲ್ಲಿ ಶುರು ಮಾಡಿದೆ. ಆಗ ಬಾಂಬು ಬಿದ್ದಾಗ ಹತ್ತು ವರ್ಷದವರಾಗಿದ್ದವರಿಗೆ ಎಪ್ಪತ್ತಾರು.

ಶುರುವಿನಲ್ಲೇ ದೊಡ್ಡ ತಪ್ಪು ಮಾಡಿದೆ. ಯಾರು ಸಿಕ್ಕರೂ ಮೊದಲ ಪ್ರಶ್ನೆ, 'ತಾತಾ, ಜಪಾನ್ ವಿಮಾನ ನೋಡಿದ್ರಾ?' ಎಲ್ಲರೂ ನೋಡಿದೆ ಅಂದರು. ಎಲ್ಲರ ಮಾತೂ ಒಂದೇ ಥರ. ಐದಾರು ಜನರ ಮಾತು ಬರೆದುಕೊಂಡ ಮೇಲೆ ಮನೆಯಲ್ಲಿ ಕೂತು ಓದಿದೆ. ಅವರು ಕಂಡದ್ದು ಯಾವುದು, ಆಮೇಲೆ ಕೇಳಿದ್ದು ಯಾವುದು ಅಂತ ಬೇರೆ ಮಾಡೋಕೆ ಆಗಲಿಲ್ಲ. ಅವರದ್ದೇನೂ ತಪ್ಪಿಲ್ಲ. ನಾನೇ ಉತ್ತರವನ್ನು ಪ್ರಶ್ನೆಯೊಳಗೆ ಇಟ್ಟು ಕೊಟ್ಟಿದ್ದೆ.

ಆಮೇಲೆ ಯುದ್ಧದ ಮಾತೇ ಎತ್ತಲಿಲ್ಲ. ಗೂಡಿನ ಹತ್ತಿರ ಕರೆದುಕೊಂಡು ಹೋಗಿ ಕೂರಿಸುತ್ತಿದ್ದೆ. 'ಚಿಕ್ಕವರಿದ್ದಾಗ ಇಲ್ಲಿ ಏನು ಮಾಡ್ತಿದ್ರಿ?' ಇಷ್ಟೇ ಪ್ರಶ್ನೆ. ಮಾತು ಹರಿಯೋಕೆ ಶುರುವಾಯಿತು. ಮಳೆ ಬಂದರೆ ಒಳಗೆ ಓಡಿಹೋಗುತ್ತಿದ್ದದ್ದು, ಹೆಂಗಸರು ಒಣಮೀನಿನ ಬುಟ್ಟಿ ಒಳಗೆ ಇಡುತ್ತಿದ್ದದ್ದು, ಹುಡುಗರು ಕಿಂಡಿಯಿಂದ ಕಡ್ಡಿ ತೂರಿಸಿ ಆಡುತ್ತಿದ್ದದ್ದು. ಅದಕ್ಕೆ ಅವರಿಟ್ಟ ಹೆಸರು 'ಮಿಲಟ್ರೀ ಗದಿ'. ಗದಿ ಅಂದರೆ ತೆಲುಗಿನಲ್ಲಿ ಕೋಣೆ. ಪಿಲ್‌ಬಾಕ್ಸ್ ಅಂತ ಕೇಳಿದ್ದರೆ ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ.

ಒಬ್ಬರು ತಾತನ ಮಾತು ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿತು. ಅವರು ಗೋಡೆಗೆ ಬೆನ್ನು ಕೊಟ್ಟು ಕೂತರು. ಕಾಲ ಬಳಿ ಅಲೆಯ ನೊರೆ ಬಂದು ಹೋಗುತ್ತಿತ್ತು. 'ಬಾಬೂ, ಆಗ ಇಲ್ಲಿಂದ ಮೂರು ತೆಪ್ಪ ಉದ್ದಕ್ಕೆ ಸಾಲಾಗಿ ಇಟ್ಟರೂ ನೀರು ಮುಟ್ಟುತ್ತಿರಲಿಲ್ಲ' ಅಂದರು. ನಾನು ಎದ್ದು ಹೋಗಿ ದಡದಲ್ಲಿದ್ದ ತೆಪ್ಪವನ್ನು ಟೇಪಿನಲ್ಲಿ ಅಳೆದೆ. ಮೂರರಷ್ಟು ಉದ್ದವನ್ನು ಗೂಡಿನಿಂದ ಕಡಲ ಕಡೆಗೆ ಹಿಡಿದು ನೋಡಿದರೆ, ಅದು ಅಲೆಯೊಳಗೆ ಹೋಗಿ ನಿಂತಿತು. ಇದೇ ಸರಿಯಾದ ಅಳತೆ ಅಂತ ಹೇಳುತ್ತಿಲ್ಲ. ಆದರೆ ಗೂಡು ನೀರಿಗೆ ಬಂದಿಲ್ಲ, ನೀರೇ ಗೂಡಿಗೆ ಬಂದಿದೆ ಅಂತ ಕಣ್ಣಿಗೆ ಕಂಡಿತು. ಬಂದರಿನ ತಡೆಗೋಡೆಗಳು ದಂಡೆಗುಂಟ ಉತ್ತರಕ್ಕೆ ಹರಿದು ಬರುವ ಮರಳನ್ನು ತಡೆಯುತ್ತವೆ. ಅದಕ್ಕೇ ಹೂಳೆತ್ತಿದ ಮರಳನ್ನು ತಂದು ಬೀಚಿಗೆ ಸುರಿಯುತ್ತಾ ಬಂದಿದ್ದಾರೆ. 2014ರ ಅಕ್ಟೋಬರ್ 12ರ ಹುಡ್‌ಹುಡ್ ಚಂಡಮಾರುತ ಬೇರೆ ಬಡಿಯಿತು. ಅಡಿಯ ಮರಳು ಹೋದರೆ ಅಷ್ಟು ಭಾರದ ಕಾಂಕ್ರೀಟ್ ಒಂದು ಕಡೆ ವಾಲದೆ ಏನು ಮಾಡುತ್ತೆ?

ಏಪ್ರಿಲ್ 6ರ ದಿನದ ನೆನಪೂ ಹೀಗೇ ತಾನಾಗಿ ಬಂತು. ಒಬ್ಬ ಅಜ್ಜಿ ರುಬ್ಬುಗುಂಡಿನ ಮಾತು ಆಡುತ್ತಾ ಆಡುತ್ತಾ ಅಲ್ಲಿಗೆ ಹೋದರು. ಬಾಂಬಿನ ಭಯಕ್ಕೆ ಊರಿಗೆ ಊರೇ ಖಾಲಿಯಾಗಿ ಒಳನಾಡಿಗೆ ಹೊರಟಿತ್ತಲ್ಲ, ಅವರ ಅಮ್ಮ ರುಬ್ಬುಗುಂಡು ಹೊರಲಾಗದೆ ಮನೆ ಹಿಂದೆ ಮರಳಲ್ಲಿ ಹೂತರಂತೆ. ತಿರುಗಿ ಬಂದಾಗ ಯಾವ ಜಾಗ ಅಂತ ಮರೆತು ಎರಡು ದಿನ ಅಗೆದರಂತೆ. ವಿಮಾನ ನೋಡಿದೆ ಅಂತ ಅವರು ಹೇಳಲೇ ಇಲ್ಲ. ಕೇಳಿದ್ದು ಸದ್ದು ಮಾತ್ರ, ನೋಡಿದ್ದು ಅಮ್ಮನ ಕೈ. ಅದನ್ನು ಹಾಗೇ ಬರೆದುಕೊಂಡೆ. ಆಂಧ್ರ ವಿಶ್ವವಿದ್ಯಾಲಯವೇ ಆಗ ಗುಂಟೂರಿಗೆ ಹೋಗಿತ್ತು, ಕಟ್ಟಡಗಳಲ್ಲಿ ಸೇನೆ ಇತ್ತು. 1946ರವರೆಗೂ ಅದು ವಾಪಸ್ ಬರಲಿಲ್ಲ. ಆ ದೊಡ್ಡ ಕತೆ ಕಡತಗಳಲ್ಲಿ ಉಳಿದಿದೆ. ರುಬ್ಬುಗುಂಡಿನದ್ದು ನಾನು ಬರೆಯದಿದ್ದರೆ ಹೋಗುತ್ತಿತ್ತು.

ನೆನಪು ಅಂದ ಮಾತ್ರಕ್ಕೆ ಎಲ್ಲವನ್ನೂ ಒಪ್ಪಿಕೊಳ್ಳೋಕೂ ಆಗಲ್ಲ. ಇಬ್ಬರು ಹಿರಿಯರು ಬಂದರಿನ ಬಾಯಿ ಕಡೆ ಕೈ ತೋರಿಸಿ, 'ಅಲ್ಲಿ ಜಪಾನಿನವರು ಮುಳುಗಿಸಿದ ಎರಡು ಹಡಗು ಇವೆ' ಅಂದರು. ಅವು ಜೇನಸ್ ಮತ್ತು ವೆಲೆಡ್ಸನ್. ಬಂದರು ಕಟ್ಟುವಾಗ ಅಲೆ ತಡೆಯೋಕೆ ಅಂತ ಬೇಕೆಂದೇ ಮುಳುಗಿಸಿದ ಹಳೇ ಹಡಗುಗಳು. ಬಾಂಬು ಬೀಳೋಕೆ ಎಷ್ಟೋ ವರ್ಷ ಮೊದಲಿನ ಮಾತು. ನಾನು ಅವರ ಎದುರು ತಿದ್ದಲಿಲ್ಲ. ಪುಸ್ತಕದ ಎಡಪುಟದಲ್ಲಿ ಅವರು ಹೇಳಿದ್ದು, ಬಲಪುಟದಲ್ಲಿ ನನಗೆ ಗೊತ್ತಿದ್ದದ್ದು. ಈಗಲೂ ಹಾಗೇ ಬರೆಯುತ್ತೇನೆ. ಎಡಪುಟದಲ್ಲಿ ಗೀಟು ಹಾಕಿ ಹೊಡೆಯುವುದಿಲ್ಲ.

ಈ ಕೆಲಸ ಮಾಡಬೇಕು ಅನ್ನುವವರಿಗೆ ಎರಡು ಮಾತು. ಬೆಳಗ್ಗೆ ಹೋಗಬೇಡಿ, ಮೀನು ಮಾರುವ ಹೊತ್ತು ಅದು, ಯಾರಿಗೂ ಪುರುಸೊತ್ತು ಇರಲ್ಲ. ಮಧ್ಯಾಹ್ನ ಮೂರರ ಮೇಲೆ ಬಲೆ ಹೊಲಿಯುತ್ತಾ ಕೂತಿರುತ್ತಾರೆ, ಆಗ ಹೋಗಿ. ಡಾಲ್ಫಿನ್ಸ್ ನೋಸ್ ಬೆಟ್ಟದ ಕಡೆ ನೌಕಾಪಡೆಯ ಜಾಗದಲ್ಲಿ ಕ್ಯಾಮೆರಾ ತೆಗೆಯಲೇಬೇಡಿ. ಗೂಡಿನ ಗೋಡೆಯನ್ನೂ ಅಳೆಯಿರಿ. ಆ ಕಾಲದ ಬ್ರಿಟಿಷ್ ನಕ್ಷೆಗಳಲ್ಲಿ ಗುಂಡು ತಡೆಯುವ ಗೋಡೆ ಸುಮಾರು ಒಂದು ಅಡಿ, ಫಿರಂಗಿ ತಡೆಯುವುದು ಮೂರೂವರೆ ಅಡಿ. ಗೋಡೆ ಎಷ್ಟು ದಪ್ಪ ಅಂತ ನೋಡಿದರೆ, ಕಟ್ಟಿದವರು ಏನು ಬರುತ್ತೆ ಅಂತ ಹೆದರಿದ್ದರೋ ಗೊತ್ತಾಗುತ್ತೆ.

ಆ ತಾತ ಈಗ ಇಲ್ಲ. ಅವರ ಮೊಮ್ಮಗನಿಗೆ ಧ್ವನಿಮುದ್ರಣ ಕೊಟ್ಟಿದ್ದೇನೆ. ಬರುವ ಭಾನುವಾರ ಹಳೇ ಊರಿನ ಕಡೆ ಇನ್ನೊಬ್ಬರನ್ನು ನೋಡುವುದಿದೆ. ಅವರಿಗೆ ತೊಂಬತ್ತು ದಾಟಿದೆ. ಕಿವಿ ಸ್ವಲ್ಪ ಮಂದ, ಆದರೆ ಮನೆ ಮುಂದಿನ ರಸ್ತೆಯಲ್ಲಿ ಮಿಲಿಟರಿ ಲಾರಿಗಳು ಎಲ್ಲಿ ನಿಲ್ಲುತ್ತಿದ್ದವು ಅಂತ ಬೆರಳಿಟ್ಟು ತೋರಿಸುತ್ತಾರಂತೆ. ಟೇಪು ಚೀಲಕ್ಕೆ ಹಾಕಿಟ್ಟಿದ್ದೇನೆ.