ಆರ್ಮಾ 3: ಗೆದ್ದ ಊರು ಮರುದಿನ ಕೈತಪ್ಪುತ್ತಿದ್ದುದಕ್ಕೆ ಪರಿಹಾರ

ಆರ್ಮಾ 3 ಎಂಬ ಯುದ್ಧದ ಕಂಪ್ಯೂಟರ್ ಆಟದಲ್ಲಿ ಮುಂಬಯಿ ಮತ್ತು ಪುಣೆ ಕನ್ನಡಿಗರ ತಂಡಗಳ ನಡುವೆ ವಾರವಾರವೂ ಮುಂದುವರಿಯುವ ಕದನ. ಶನಿವಾರ ರಾತ್ರಿ ಡೊಂಬಿವಲಿಯ ನಮ್ಮ ಹುಡುಗರು ಗೆದ್ದ, ಆಟದೊಳಗಿನ ಊರು ಕವಾಲಾ, ಭಾನುವಾರ ಸರ್ವರ್ ತೆರೆದರೆ ಮತ್ತೆ ಪುಣೆಯವರದು. ವಹಿಯಲ್ಲಿ ಬರೆದಿಟ್ಟೆವು, ಜಗಳ ಹೆಚ್ಚಿತು. ಸರ್ವರ್ ಕಡತದಲ್ಲಿ 'ಪರ್ಸಿಸ್ಟೆಂಟ್ = 1' ಹಾಕಿದೆ. ಕೊನೆಯ ಆಟಗಾರ ಹೋದರೂ ಆಟ ನಿಲ್ಲುವುದಿಲ್ಲ, ನಿಜ; ಸರ್ವರ್ ಮುಚ್ಚಿದರೆ ಎಲ್ಲವೂ ಸೊನ್ನೆ.

ಊರು ಕೈಬದಲಾದ ಕ್ಷಣವೇ, ಸರ್ವರ್‌ನಲ್ಲಿ ಮಾತ್ರ, ಗೆದ್ದ ತಂಡದ ಹೆಸರನ್ನು 'ಸೆಟ್‌ವೇರಿಯಬಲ್' ಆಜ್ಞೆಯ ಮೂಲಕ, ಸರ್ವರ್ ಮುಚ್ಚಿದರೂ ಉಳಿಯುವ ಸಂಗ್ರಹವಾದ 'ಪ್ರೊಫೈಲ್‌ನೇಮ್‌ಸ್ಪೇಸ್'ಗೆ ಬರೆಯಬೇಕು. ಮರುಸಾಲಿನಲ್ಲೇ ಅದನ್ನು ಡಿಸ್ಕಿಗೆ ಉಳಿಸುವ ಆಜ್ಞೆ 'ಸೇವ್‌ಪ್ರೊಫೈಲ್‌ನೇಮ್‌ಸ್ಪೇಸ್'. ಈ ಒಂದು ಸಾಲು ಬಿಟ್ಟದ್ದೇ ನನ್ನ ಮೂರು ವಾರ ತಿಂದಿತು: ಕರೆಂಟು ಹೋದಾಗ ಬರೆದದ್ದು ಡಿಸ್ಕ್ ಮುಟ್ಟಿರಲೇ ಇಲ್ಲ. ಆರಂಭದಲ್ಲಿ 'ಗೆಟ್‌ವೇರಿಯಬಲ್'ನಿಂದ ಓದಿ, ಆಮೇಲೆ ಧ್ವಜ ನೆಡಿ. ಸರ್ವರ್ ಶುರುಮಾಡುವಾಗ ಕೊಡುವ '-ನೇಮ್', '-ಪ್ರೊಫೈಲ್ಸ್' ಪ್ರತಿ ಸಲವೂ ಒಂದೇ ಇರಲಿ. ಬದಲಾದರೆ ಸರ್ವರ್ ಬೇರೆಯದೇ ಪ್ರೊಫೈಲ್ ಕಡತ ತೆರೆಯುತ್ತದೆ.