ಎರೆ ಕೆಸರಲ್ಲಿ ಬೆಳ್ಳಕ್ಕಿ: ನೀರಂಚಿನ ಹಕ್ಕಿಗಳ ಫೋಟೊ ತೆಗೆಯುವುದು, ತಿದ್ದುವುದು

ಸುರಪುರ ಕಡೆಯ ಬೋನಾಳ ಕೆರೆ, ಬೀದರ್ ಜಿಲ್ಲೆಯ ಕಾರಂಜಾ ಹಿನ್ನೀರು, ಬೆಣ್ಣೆತೊರೆ, ಭೀಮಾ ದಂಡೆ, ಕಲಬುರಗಿ ನಗರದೊಳಗಿನ ಶರಣಬಸವೇಶ್ವರ ಕೆರೆ. ಕೆಸರಲ್ಲಿ ನಡೆದು ಮೇಯುವ ಹಕ್ಕಿಗಳಿಗೆ ನಮ್ಮ ಭಾಗದಲ್ಲಿ ಬರವಿಲ್ಲ. ಮೆಟ್ಟುಗಾಲು ಹಕ್ಕಿ, ಗದ್ದೆಗೊರವ, ಟಿಟ್ಟಿಭ, ಬೆಳ್ಳಕ್ಕಿ, ಬಕ, ಬಣ್ಣದ ಕೊಕ್ಕರೆ, ಕರಿ ಕೆಂಬರಲು ಎಲ್ಲವೂ ಸಿಗುತ್ತವೆ. ಆದರೆ ಫೋಟೊಗಳು ಕೆಡುವುದು ಹೆಚ್ಚಾಗಿ ಮೂರೇ ಕಾರಣಕ್ಕೆ: ನಿಂತಲ್ಲಿಂದಲೇ ಕೆಳಕ್ಕೆ ನೋಡಿ ತೆಗೆದದ್ದು, ಬಿಳಿ ಗರಿ ಸುಣ್ಣ ಬಳಿದಂತಾದದ್ದು, ಬಿಸಿಗಾಳಿಗೆ ಅಂಚು ಕದಡಿದ್ದು. ಈ ಮೂರನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡಲು ಬರುವುದಿಲ್ಲ. ಹಾಗಾಗಿ ಮುಕ್ಕಾಲು ಕೆಲಸ ದಂಡೆಯ ಮೇಲೇ ಮುಗಿಯಬೇಕು.

ನವೆಂಬರ್‌ನಿಂದ ಮಾರ್ಚ್ ಆರಂಭದವರೆಗೆ ಒಳ್ಳೆಯ ಕಾಲ. ಕೆರೆ ತುಂಬಿದ್ದಾಗ ಅಂಚಿನಲ್ಲಿ ಕೆಸರೇ ಇರುವುದಿಲ್ಲ. ಸಣ್ಣ ಗೊರವಗಳು ಇಳಿಯುವುದು ನೀರು ಹಿಂದೆ ಸರಿದು ಹಸಿ ನೆಲ ತೆರೆದುಕೊಂಡ ಮೇಲೆ. ಚಳಿಗಾಲದಲ್ಲಿ ಸೂರ್ಯ ಹುಟ್ಟುವುದು ಆಗ್ನೇಯಕ್ಕೆ ವಾಲಿಕೊಂಡು, ಹೆಚ್ಚುಕಡಿಮೆ 6:45ಕ್ಕೆ. ಬೆಳಕು ಬೆನ್ನಿಗಿರಬೇಕೆಂದರೆ ಪೂರ್ವ ಅಥವಾ ಆಗ್ನೇಯ ದಂಡೆಯಲ್ಲಿ, ಸೂರ್ಯ ಹುಟ್ಟುವ ಮೊದಲೇ ಜಾಗ ಹಿಡಿಯಿರಿ. ಹಕ್ಕಿ ಬಂದ ಮೇಲೆ ನೀವು ಹೋಗುವುದು ಬೇರೆ, ನೀವು ಕುಳಿತ ಮೇಲೆ ಹಕ್ಕಿ ಬರುವುದು ಬೇರೆ.

ಬಿಸಿಗಾಳಿಯ ತೊಂದರೆ ಇಲ್ಲಿ ಬೇಗ ಶುರುವಾಗುತ್ತದೆ. ಎರೆ ನೆಲ ಕಪ್ಪಾದ್ದರಿಂದ ಬಿಸಿಲು ಬಿದ್ದ ಕೂಡಲೇ ಕಾಯುತ್ತದೆ. ಫೆಬ್ರವರಿಯಲ್ಲಿ 9 ಗಂಟೆಯ ಸುಮಾರಿಗೆ 30 ಮೀಟರ್ ಆಚೆಯ ಹಕ್ಕಿಯ ಗರಿ ಮಸುಕಾಗುವುದುಂಟು. ಬರಿಗಣ್ಣಿಗೆ ಅದು ಕಾಣದು. ಲೈವ್ ವ್ಯೂನಲ್ಲಿ (ಕ್ಯಾಮೆರಾದ ಹಿಂದಿನ ಪರದೆಯಲ್ಲಿ) 10 ಪಟ್ಟು ಹಿಗ್ಗಿಸಿ ನೋಡಿ: ಹಕ್ಕಿಯ ಅಂಚು ನಡುಗುತ್ತಿದ್ದರೆ ಆ ದೂರದ ಫೋಟೊ ಅವತ್ತಿಗೆ ಮುಗಿಯಿತು. ಅನೇಕರು ಇದನ್ನು ಲೆನ್ಸಿನ ದೋಷವೆಂದು ತಿಳಿದು ಅಂಗಡಿಗೆ ಓಡುತ್ತಾರೆ. ಪರೀಕ್ಷೆ ಸುಲಭ. ಒಂದೇ ಉಸಿರಿಗೆ ಹತ್ತು ಫ್ರೇಮ್ ತೆಗೆಯಿರಿ. ಒಂದೊಂದರಲ್ಲಿ ಒಂದೊಂದು ಥರ ಮಸುಕಿದ್ದರೆ ಅದು ಬಿಸಿಗಾಳಿ. ಎಲ್ಲದರಲ್ಲೂ ಹಕ್ಕಿಯ ಮುಂದಿನ ಅಥವಾ ಹಿಂದಿನ ಕೆಸರು ಚೊಕ್ಕಟವಾಗಿದ್ದರೆ ಫೋಕಸ್ ತಪ್ಪಿದೆ. ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ಎಂಜಿನ್ ಬಿಸಿಯಾದ ಕಾರಿನ ಕಿಟಕಿಯಿಂದ ತೆಗೆದರೂ ಬಿಸಿಗಾಳಿಯ ಇದೇ ಕಾಟ.

ಇನ್ನು ಎತ್ತರ. ಲೆನ್ಸ್ ಹಕ್ಕಿಯ ಕಣ್ಣಿನ ಮಟ್ಟಕ್ಕಿರಬೇಕು. ಗೊರವಕ್ಕಾದರೆ ಅದು ನೆಲದಿಂದ ಒಂದು ಗೇಣೂ ಇಲ್ಲ. ಆ ಮಟ್ಟದಲ್ಲಿ ಹಿಂದಿನ ಕೆಸರು, ಕಸ ಎಲ್ಲ ದೂರ ಸರಿದು ಕರಗುತ್ತದೆ, ಹಕ್ಕಿಯೊಂದೇ ಎದ್ದು ನಿಲ್ಲುತ್ತದೆ. ಸಾಧಾರಣ ಟ್ರೈಪಾಡ್ ಅಷ್ಟು ಕೆಳಗೆ ಬರುವುದಿಲ್ಲ, ಬಂದರೂ ಹಸಿ ಎರೆಯಲ್ಲಿ ಕಾಲು ಹೂತುಹೋಗುತ್ತವೆ. ಹಿಟ್ಟು ನಾದುವ ಹಳೆಯ ಪರಾತ ಒಂದಿದ್ದರೆ ಸಾಕು. ಚಪ್ಪಟೆ ತಳದ, 30 ಸೆಂ.ಮೀ. ಅಗಲದ, ದಪ್ಪ ಅಲ್ಯೂಮಿನಿಯಂ ಪರಾತ ಒಳ್ಳೆಯದು. ತಳದ ನಡುವೆ 10 ಮಿ.ಮೀ. ತೂತು ಕೊರೆಸಿ, ಕೆಳಗಿನಿಂದ 3/8 ಇಂಚಿನ ಬೋಲ್ಟ್ ಏರಿಸಿ, ಎರಡೂ ಬದಿ ಅಗಲ ವಾಷರ್ ಹಾಕಿ, ಒಳಗಿನಿಂದ ನಟ್ ಬಿಗಿಯಿರಿ. ನಟ್‌ನ ಮೇಲೆ 10ರಿಂದ 12 ಮಿ.ಮೀ. ಮರೆ (ಬೋಲ್ಟಿನ ತಿರುಪು) ಉಳಿದಿರಲಿ, ಟ್ರೈಪಾಡ್ ಹೆಡ್ (ಕ್ಯಾಮೆರಾ ಹಿಡಿಯುವ ಮೇಲ್ಭಾಗ) ಅದರ ಮೇಲೆ ಕೂರುತ್ತದೆ. ಅಂಗಡಿಯಲ್ಲಿ 10 ಎಂ.ಎಂ. ಬೋಲ್ಟ್ ಕೊಟ್ಟರೆ ಬೇಡವೆನ್ನಿ. ನೋಡಲು ಒಂದೇ ಥರ ಇದ್ದರೂ ಮರೆ ಹೊಂದದು, ಒತ್ತಿ ತಿರುವಿದರೆ ಹೆಡ್ಡಿನ ಮರೆ ಹಾಳಾಗುತ್ತದೆ. 3/8 ಬಿ.ಎಸ್.ಡಬ್ಲ್ಯೂ. (ಇಂಚಿನ ಅಳತೆಯ ಮರೆ) ಎಂದೇ ಕೇಳಿ. ಪರಾತ ಕೆಸರಿನ ಮೇಲೆ ಜಾರುತ್ತಾ ಹೋಗುತ್ತದೆ, ಅಂಚು ಎತ್ತರವಿರುವುದರಿಂದ ನೀರು ಒಳಗೆ ಬರುವುದಿಲ್ಲ. ಮಲಗಲು ತಾಡಪತ್ರಿಯ ತುಂಡು ಬೇಕು.

ಹಿನ್ನೀರಿನ ಹೂಳಿನ ಬಗ್ಗೆ ಒಂದು ಮಾತು: ಮೇಲೆ ಒಣಗಿ ಬಿರಿದಂತೆ ಕಂಡರೂ ಒಳಗೆ ಮೊಣಕಾಲುದ್ದ ಸಡಿಲವಿರುತ್ತದೆ. ಕೋಲು ಚುಚ್ಚಿ ನೋಡದೆ ಕಾಲಿಡಬೇಡಿ, ದನದ ಹೆಜ್ಜೆ ಇಲ್ಲದ ಕಡೆ ಹೋಗಲೇಬೇಡಿ, ಒಬ್ಬರೇ ಇಳಿಯಬೇಡಿ.

ಹಕ್ಕಿಯತ್ತ ನೇರವಾಗಿ ತೆವಳಿದರೆ ಹಾರುತ್ತದೆ. ಅದು ಮೇಯುತ್ತಾ ಯಾವ ಕಡೆ ಸಾಗುತ್ತಿದೆ ನೋಡಿ, ಅದಕ್ಕಿಂತ 20 ಮೀಟರ್ ಮುಂದೆ ನೀರಂಚಿಗೆ ಮಲಗಿ ಸುಮ್ಮನಿರಿ. ಮೇಯುವುದು ಬಿಟ್ಟು ಕತ್ತು ಎತ್ತಿದರೆ, ತಲೆ ಮೇಲೆ ಕೆಳಗೆ ಆಡಿಸಿದರೆ ಅಲ್ಲೇ ನಿಲ್ಲಿ. ಮತ್ತೆ ಕೊಕ್ಕು ಕೆಸರಿಗೆ ಹೋಗುವವರೆಗೆ ಕೈಯೂ ಅಲುಗಬಾರದು. ಟಿಟ್ಟಿಭ ಒಮ್ಮೆ ಕೂಗಿತೆಂದರೆ ಇಡೀ ದಂಡೆ ಖಾಲಿ. ಮಾರ್ಚ್ ನಂತರ ಅದು ಬಯಲಲ್ಲೇ ಮೊಟ್ಟೆಯಿಡುತ್ತದೆ. ತಲೆಯ ಮೇಲೆ ಸುತ್ತುತ್ತಾ ಕಿರುಚಿದರೆ ಬಂದ ದಾರಿಯಲ್ಲೇ ಹಿಂದಿರುಗಿ. ನಮ್ಮ ಬೇಸಿಗೆಯಲ್ಲಿ ತಾಯಿಹಕ್ಕಿಯ ನೆರಳು ತಪ್ಪಿದ ಮೊಟ್ಟೆ ಬೇಗನೆ ಬೆಂದುಹೋಗುತ್ತದೆ. ಯಾವ ಫೋಟೊವೂ ಅಷ್ಟು ಬೆಲೆಬಾಳುವುದಿಲ್ಲ.

ಕಪ್ಪು ಕೆಸರಿನ ಮುಂದೆ ಬೆಳ್ಳಕ್ಕಿ ನಿಂತರೆ ಕ್ಯಾಮೆರಾ ಕೆಸರನ್ನು ನೋಡಿ ಬೆಳಕು ಹೆಚ್ಚಿಸುತ್ತದೆ, ಬಿಳಿ ಸುಟ್ಟುಹೋಗುತ್ತದೆ. ಹಾಗಾಗಿ ಮ್ಯಾನ್ಯುಯಲ್ ಮೋಡೇ ಸರಿ. ಬೆಳಿಗ್ಗೆ 8ರ ತಿಳಿ ಬಿಸಿಲಿಗೆ ಶಟರ್ 1/2000 ಸೆಕೆಂಡ್, ಅಪರ್ಚರ್ ಎಫ್ 6.3, ಐಎಸ್‌ಒ 400ರಿಂದ ಶುರುಮಾಡಿ. ಹಿಸ್ಟೋಗ್ರಾಮ್ (ಫೋಟೊದಲ್ಲಿ ಬೆಳಕು ಹಂಚಿರುವುದನ್ನು ತೋರಿಸುವ ನಕ್ಷೆ) ಬಲ ಅಂಚಿನ ಹತ್ತಿರ ಬರಲಿ, ಅಂಚಿಗೆ ಒತ್ತಿ ನಿಲ್ಲದಿರಲಿ. ಹಿನ್ನೆಲೆ ಕೆಸರೇ ಆಗಲಿ ನೀರೇ ಆಗಲಿ, ಬಿಸಿಲು ಬದಲಾಗದಿದ್ದರೆ ಲೆಕ್ಕವೂ ಬದಲಾಗದು. ಕರಿ ಕೆಂಬರಲಿಗೆ ಶಟರ್ 1/800ಕ್ಕೆ ಇಳಿಸಿ. ಮೆಟ್ಟುಗಾಲು ಹಕ್ಕಿಯಲ್ಲಿ ಕಪ್ಪು ಬಿಳುಪು ಎರಡೂ ಇವೆ. ಬಿಳಿಗೆ ಹೊಂದಿಸಿ, ಕಪ್ಪನ್ನು ಆಮೇಲೆ ಎತ್ತಬಹುದು. ರಾ ಫೈಲಿನಲ್ಲೇ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲು) ತೆಗೆಯಿರಿ. ಹಾರುವಾಗ 1/2500ಕ್ಕೆ ಕಡಿಮೆ ಬೇಡ.

500 ಮಿ.ಮೀ. ಲೆನ್ಸಿನಲ್ಲಿ 8 ಮೀಟರ್ ದೂರಕ್ಕೆ ಎಫ್ 6.3 ಇಟ್ಟರೆ, ಎಪಿಎಸ್-ಸಿ (ಫುಲ್ ಫ್ರೇಮಿಗಿಂತ ಸಣ್ಣ) ಸೆನ್ಸರಿನಲ್ಲಿ ಚೊಕ್ಕಟವಾಗಿ ಬರುವ ಆಳ ಸುಮಾರು 6 ಸೆಂ.ಮೀ. ಅಷ್ಟೇ. ಬಣ್ಣದ ಕೊಕ್ಕರೆ ನಿಮ್ಮತ್ತ ಓರೆಯಾಗಿ ತಿರುಗಿದ್ದರೆ ಕಣ್ಣು ಸಿಕ್ಕರೆ ಕೊಕ್ಕಿನ ತುದಿ ಸಿಗದು. ಮೈ ಅಡ್ಡವಾಗಿ ನಿಲ್ಲುವವರೆಗೆ ಕಾಯಿರಿ. ಕೊಕ್ಕು ನೀರೊಳಗಿರುವಾಗ ಅಲ್ಲ, ತಲೆ ಮೇಲೇಳುವ ಕ್ಷಣಕ್ಕೆ ಗುಂಡಿ ಒತ್ತಿ. ತೊಟ್ಟಿಕ್ಕುವ ಹನಿ, ಕೊಕ್ಕಿನಲ್ಲಿನ ಹುಳು ಎಲ್ಲ ಆಗಲೇ ಸಿಗುವುದು.

ಮನೆಗೆ ಬಂದ ಮೇಲೆ ಲೈಟ್‌ರೂಮ್ ಆಗಲಿ, ಪುಕ್ಕಟೆ ಸಿಗುವ ಡಾರ್ಕ್‌ಟೇಬಲ್ ಆಗಲಿ, ಮೊದಲು ನೀರಿನ ಮಟ್ಟ ಸರಿಮಾಡಿ. ನಿಂತ ನೀರಿನಲ್ಲಿ ಪ್ರತಿಬಿಂಬವಿದ್ದರೆ ಹಕ್ಕಿಯ ಕಣ್ಣಿನಿಂದ ಪ್ರತಿಬಿಂಬದ ಕಣ್ಣಿಗೆ ಗೆರೆ ಎಳೆಯಿರಿ, ಅದು ನೆಟ್ಟಗೆ ನಿಲ್ಲಬೇಕು. ದೂರದ ದಂಡೆಯನ್ನು ನಂಬಿದರೆ ಮೋಸಹೋಗುತ್ತೀರಿ, ಅದು ಓರೆಯಾಗಿ ಸಾಗಿರಬಹುದು. ಕತ್ತರಿಸುವಾಗ ಹಕ್ಕಿ ನೋಡುವ ಕಡೆ ಹೆಚ್ಚು ಜಾಗ ಬಿಡಿ. ಪ್ರತಿಬಿಂಬ ಇಟ್ಟರೆ ಪೂರ್ತಿ ಇಡಿ. ಕೊಕ್ಕಿನ ಹತ್ತಿರ ತುಂಡಾದ ಪ್ರತಿಬಿಂಬ ಕಣ್ಣಿಗೆ ಚುಚ್ಚುತ್ತದೆ.

ಬಣ್ಣದ ತಾಪ 5200ರಿಂದ 5500 ಕೆಲ್ವಿನ್ ಒಳಗೆ ಸಾಕು. ಆಟೊಗೆ ಬಿಟ್ಟರೆ ಬೆಳಗಿನ ಹೊಂಬಣ್ಣ ತೊಳೆದುಹೋಗುತ್ತದೆ. ಲೈಟ್‌ರೂಮಿನಲ್ಲಾದರೆ ಹೈಲೈಟ್ಸ್ (ತೀರ ಬೆಳಕಾದ ಭಾಗ) ಅನ್ನು ಮೈನಸ್ 40ರಿಂದ 60ಕ್ಕೆ ಎಳೆಯಿರಿ, ಗರಿಯ ಎಳೆ ಕಂಡ ಕೂಡಲೇ ನಿಲ್ಲಿಸಿ. ಇನ್ನೂ ಎಳೆದರೆ ಬೆಳ್ಳಕ್ಕಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಕ್ಲಾರಿಟಿ ಬಿಳಿ ಗರಿಯನ್ನು ಕೊಳೆ ಮಾಡುತ್ತದೆ, ಟೆಕ್ಸ್ಚರ್ 10–15 ಸಾಕು. ಬಿಳಿ ಹೊಟ್ಟೆಯ ನೆರಳಿನಲ್ಲಿ ಕಾಣುವ ತೆಳು ನೀಲಿ ಆಕಾಶದ್ದು, ಅದನ್ನು ಪೂರ್ತಿ ಅಳಿಸಬೇಡಿ. ಹಕ್ಕಿಗೆ ಮಾಸ್ಕ್ ಹಾಕಿ ಅದನ್ನು ತಿರುವುಮುರುವು (ಇನ್ವರ್ಟ್) ಮಾಡಿ, ನಾಯ್ಸ್ (ಕಾಳುಕಾಳಾದ ಚುಕ್ಕೆ) ತೆಗೆಯುವುದನ್ನು ಹಿನ್ನೆಲೆಗೆ ಮಾತ್ರ ಜೋರಾಗಿ ಕೊಡಿ. ಶಾರ್ಪನಿಂಗ್ ಕೊನೆಗೆ: ಉದ್ದ ಬದಿ 2048 ಪಿಕ್ಸೆಲ್‌ಗೆ ಇಳಿಸಿದ ಮೇಲೆ, ಎಸ್‌ಆರ್‌ಜಿಬಿಯಲ್ಲಿ (ಪರದೆಗಳಿಗೆ ಹೊಂದುವ ಬಣ್ಣದ ವ್ಯವಸ್ಥೆ). ಕಾಲಿನ ಪಕ್ಕದಲ್ಲಿ ಬಿಳಿ ಗೆರೆ ಮೂಡಿದರೆ ಹೆಚ್ಚಾಯಿತೆಂದು ಅರ್ಥ, ಅರ್ಧಕ್ಕೆ ಇಳಿಸಿ ಮತ್ತೆ ನೋಡಿ.