ಗಿಟ್‌ಲ್ಯಾಬ್ 13ರಿಂದ 16ಕ್ಕೆ: ನಮ್ಮ ಸರ್ವರ್ ಅಪ್‌ಗ್ರೇಡ್ ಮಾಡಿದ ಅನುಭವ

ನಮ್ಮ ಆಫೀಸಿನ ಕೋಡ್ ಎಲ್ಲಾ ಇರೋದು ನಾವೇ ನಡೆಸುವ ಗಿಟ್‌ಲ್ಯಾಬ್ ಸರ್ವರಿನಲ್ಲಿ. ಕೋಡ್ ಇಟ್ಟುಕೊಂಡು ಟೀಮೆಲ್ಲಾ ಸೇರಿ ಕೆಲಸ ಮಾಡುವ ಸಾಫ್ಟ್‌ವೇರ್ ಅದು. ಉಬುಂಟು 20.04, ಅದರ ಮೇಲೆ ಆಮ್ನಿಬಸ್ ಪ್ಯಾಕೇಜ್ (ಗಿಟ್‌ಲ್ಯಾಬ್‌ಗೆ ಬೇಕಾದ ಎಲ್ಲಾ ಭಾಗಗಳೂ ಒಂದೇ ಕಟ್ಟಿನಲ್ಲಿ ಬರುವಂಥದ್ದು), ಉಚಿತವಾದ ಕಮ್ಯುನಿಟಿ ಎಡಿಷನ್. 13.12.15ಕ್ಕೆ ಬಂದು ಅಲ್ಲೇ ನಿಂತಿತ್ತು. ಚೆನ್ನಾಗಿ ನಡೀತಿರೋದನ್ನ ಯಾಕೆ ಮುಟ್ಟಬೇಕು ಅನ್ನೋದು ಎಲ್ಲರ ಮಾತು.

2024ರ ಜನವರಿ 11ರಂದು ಗಿಟ್‌ಲ್ಯಾಬ್‌ನವರು ಒಂದು ತುರ್ತು ಪ್ಯಾಚ್ ಬಿಟ್ಟರು. ಪಾಸ್‌ವರ್ಡ್ ರಿಸೆಟ್ ಮಾಡುವ ಮೇಲ್ ಬೇರೆ ಯಾರದೋ ವಿಳಾಸಕ್ಕೆ ಹೋಗುವಂತೆ ಮಾಡಿ ಖಾತೆಯನ್ನೇ ಕಸಿದುಕೊಳ್ಳಬಹುದಾದ ದೋಷ ಅದು, ತೀವ್ರತೆ 10ಕ್ಕೆ 10. ಅದು ಇದ್ದದ್ದು 16.1 ಮತ್ತು ಅದರ ನಂತರದ ಆವೃತ್ತಿಗಳಲ್ಲಿ, ಹಾಗಾಗಿ ನಮಗೆ ತಟ್ಟಲಿಲ್ಲ. ಆದರೆ ನನಗೆ ಹೊಳೆದದ್ದು ಬೇರೆ: ನಾಳೆ 13ರಲ್ಲೇ ಇಂಥದ್ದೊಂದು ಸಿಕ್ಕರೆ ಪ್ಯಾಚ್ ಕೊಡುವವರೇ ಇಲ್ಲ. ಅವತ್ತೇ ಮ್ಯಾನೇಜರ್ ಹತ್ತಿರ ಮಾತಾಡಿ ಒಪ್ಪಿಸಿದೆ.

ಟೀಮಿನಲ್ಲಿ ಎಲ್ಲರೂ ಮೊದಲು ಕೇಳಿದ್ದು ಒಂದೇ ಪ್ರಶ್ನೆ, "ಸರ್, ನಮ್ಮ ಕೋಡ್‌ಗೆ ಏನೂ ಆಗಲ್ಲ ಅಲ್ವಾ?" ಕೋಡ್ ಬಗ್ಗೆ ನನಗೆ ಅಷ್ಟು ಭಯ ಇರಲಿಲ್ಲ. ಗಿಟ್ ಅಲ್ವಾ, ಕ್ಲೋನ್ ಮಾಡಿದ ಪ್ರತಿ ಲ್ಯಾಪ್‌ಟಾಪಿನಲ್ಲೂ ಪೂರ್ತಿ ಇತಿಹಾಸ ಇರುತ್ತೆ. ಇಶ್ಯೂಗಳು, ಮರ್ಜ್ ರಿಕ್ವೆಸ್ಟ್‌ನಲ್ಲಿ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಅಂತ ಕೇಳುವ ಕಡೆ) ನಡೆದ ಚರ್ಚೆ, ಯಾರಿಗೆ ಯಾವ ಪರ್ಮಿಷನ್, ಸಿಐ (ಕೋಡನ್ನ ತಾನಾಗಿ ಬಿಲ್ಡ್, ಟೆಸ್ಟ್ ಮಾಡುವ ವ್ಯವಸ್ಥೆ) ವೇರಿಯಬಲ್‌ಗಳಲ್ಲಿ ಇಟ್ಟಿರುವ ಕೀಗಳು, ಇವೆಲ್ಲ ಇರೋದು ಸರ್ವರಿನ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಮಾತ್ರ. ಅಪ್‌ಗ್ರೇಡ್ ಮಾಡುವಾಗ ನಿಜವಾಗಿ ಬದಲಾಗೋದೂ ಅದೇ. ಇದನ್ನ ತಲೆಯಲ್ಲಿ ಇಟ್ಟುಕೊಂಡರೆ ಮಿಕ್ಕ ನಿಯಮಗಳೆಲ್ಲ ಯಾಕೆ ಇವೆ ಅಂತ ತಾನಾಗಿಯೇ ಗೊತ್ತಾಗುತ್ತೆ.

ಉದಾಹರಣೆಗೆ, 13ರಿಂದ 16ಕ್ಕೆ ನೇರವಾಗಿ ಹಾರೋಕೆ ಆಗಲ್ಲ. ಡೇಟಾಬೇಸಿನ ಬದಲಾವಣೆ ಮುಗಿಸಿಕೊಂಡೇ ಮುಂದೆ ಹೋಗಬೇಕಾದ ಕಡ್ಡಾಯ ಸ್ಟಾಪ್‌ಗಳು ನಡುವೆ ಇವೆ. ನಮ್ಮ ದಾರಿ ಹೀಗಿತ್ತು: 14.0.12, 14.3.6, 14.9.5, 14.10.5, 15.0.5, 15.4.6, 15.11.13, ಆಮೇಲೆ 16.3, ಕೊನೆಗೆ 16.7. ಕೆಲವು ಸ್ಟಾಪ್‌ಗಳು ಎಲ್ಲರಿಗೂ ಬೇಕಿಲ್ಲ. ಉದಾಹರಣೆಗೆ ಪ್ಯಾಕೇಜ್ ರಿಜಿಸ್ಟ್ರಿಯಲ್ಲಿ ಎನ್‌ಪಿಎಂ (ಜಾವಾಸ್ಕ್ರಿಪ್ಟ್) ಪ್ಯಾಕೇಜ್ ಇಟ್ಟಿರುವವರು 16.1ರಲ್ಲೂ ಇಳಿಯಬೇಕು, ನಮಗೆ ಅದು ಬೇಕಾಗಲಿಲ್ಲ. ಗಿಟ್‌ಲ್ಯಾಬ್ ದಾಖಲೆಯಲ್ಲಿ ಪ್ರತಿ ಆವೃತ್ತಿಗೂ ಟಿಪ್ಪಣಿ ಇದೆ, ಅದನ್ನ ಕೂತು ಓದಲೇಬೇಕು, ಬೇರೆಯವರ ಪಟ್ಟಿ ನಂಬಿ ಹೊರಡಬೇಡಿ, ನನ್ನದನ್ನೂ ಸೇರಿಸಿ.

ಕೆಲಸ ಶುರು ಮಾಡಿದ್ದು ಬ್ಯಾಕಪ್‌ನಿಂದ. ಗಿಟ್‌ಲ್ಯಾಬ್-ಬ್ಯಾಕಪ್ ಕ್ರಿಯೇಟ್ ಕೊಟ್ಟರೆ ಡೇಟಾಬೇಸ್, ರೆಪಾಸಿಟರಿಗಳು, ಅಪ್‌ಲೋಡ್‌ಗಳು ಎಲ್ಲಾ ಒಂದು ಟಾರ್ ಫೈಲಿಗೆ ಬರುತ್ತೆ. ಆದರೆ ಎರಡು ಫೈಲ್ ಅದರಲ್ಲಿ ಇರಲ್ಲ: ಸೆಟ್ಟಿಂಗ್ ಇರುವ ಗಿಟ್‌ಲ್ಯಾಬ್ ಡಾಟ್ ಆರ್‌ಬಿ, ಮತ್ತೆ ಗಿಟ್‌ಲ್ಯಾಬ್-ಸೀಕ್ರೆಟ್ಸ್ ಡಾಟ್ ಜೇಸನ್. ಎರಡನೆಯದು ಚಿಕ್ಕ ಫೈಲ್, ಆದರೆ ಡೇಟಾಬೇಸಿನಲ್ಲಿ ಎನ್‌ಕ್ರಿಪ್ಟ್ ಆಗಿರುವುದನ್ನ ಬಿಡಿಸುವ ಕೀಲಿ ಇರೋದು ಅದರಲ್ಲೇ. ಅದು ಕಳೆದುಹೋದರೆ ಬ್ಯಾಕಪ್ ಎಷ್ಟು ದೊಡ್ಡದಿದ್ದರೂ ಸಿಐ ವೇರಿಯಬಲ್‌ಗಳು ವಾಪಸ್ ಬರಲ್ಲ, ಎರಡು ಹಂತದ ಲಾಗಿನ್ ಇಟ್ಟುಕೊಂಡವರು ಹೊರಗೇ ಉಳೀತಾರೆ. ಈ ಎರಡನ್ನೂ ಬೇರೆ ಮೆಷಿನ್ನಿಗೆ ಕಾಪಿ ಮಾಡಿದೆ. ಟಾರ್ ಫೈಲ್ ಇಟ್ಟ ಜಾಗದಲ್ಲೇ ಇವನ್ನ ಇಡಬಾರದು, ಬೀಗ ಕೀಲಿ ಎರಡೂ ಒಂದೇ ಕಡೆ ಆಗಿಬಿಡುತ್ತೆ.

ಆಮೇಲೆ ರಿಹರ್ಸಲ್. ಬ್ಯಾಕಪ್ ಅನ್ನು ಅದೇ ಆವೃತ್ತಿಯ ಮೇಲೆ ಮಾತ್ರ ರಿಸ್ಟೋರ್ ಮಾಡೋಕೆ ಆಗೋದು, ಹಾಗಾಗಿ ಇನ್ನೊಂದು ವರ್ಚುವಲ್ ಮೆಷಿನ್ ತಗೊಂಡು ಅದರಲ್ಲೂ 13.12.15 ಹಾಕಿದೆ. ಇಲ್ಲಿ ಒಂದು ವಿಷಯ ಗಮನದಲ್ಲಿರಲಿ. ರಿಸ್ಟೋರ್ ಆದ ಕಾಪಿಗೆ ತಾನು ಕಾಪಿ ಅಂತ ಗೊತ್ತಿರಲ್ಲ. ಮೇಲ್ ಕಳಿಸುತ್ತೆ, ವೆಬ್‌ಹುಕ್ ಕರೆಯುತ್ತೆ (ಅಂದರೆ ಬೇರೆ ಸರ್ವರ್‌ಗಳಿಗೆ ತಾನಾಗಿ ಸುದ್ದಿ ಕಳಿಸುತ್ತೆ), ಮಿರರ್ ರೆಪಾಸಿಟರಿಗೆ ಪುಶ್ ಮಾಡುತ್ತೆ. ಅದಕ್ಕೇ ಮೊದಲು ಸೆಟ್ಟಿಂಗ್‌ನಲ್ಲಿ ಇಮೇಲ್ ಆಫ್ ಮಾಡಿ, ಫೈರ್‌ವಾಲಿನಲ್ಲಿ ಹೊರಗೆ ಹೋಗುವ ದಾರಿ ಪೂರ್ತಿ ಮುಚ್ಚಿ, ಆಮೇಲೆ ರಿಸ್ಟೋರ್ ಮಾಡಿದೆ.

ಇಡೀ ಕೆಲಸದಲ್ಲಿ ಜಾಸ್ತಿ ಸಮಯ ಹಿಡಿದದ್ದು ಬ್ಯಾಕ್‌ಗ್ರೌಂಡ್ ಮೈಗ್ರೇಷನ್. ಹೊಸ ಪ್ಯಾಕೇಜ್ ಹಾಕಿದ ಕೂಡಲೇ ಸೈಟ್ ತೆರೆಯುತ್ತೆ, ಲಾಗಿನ್ ಆಗುತ್ತೆ, ಎಲ್ಲಾ ಮುಗಿದಂತೆ ಕಾಣುತ್ತೆ. ಒಳಗೆ ಡೇಟಾಬೇಸಿನ ದೊಡ್ಡ ಟೇಬಲ್‌ಗಳನ್ನ ಸ್ವಲ್ಪ ಸ್ವಲ್ಪವಾಗಿ ಬದಲಾಯಿಸುವ ಕೆಲಸ ಇನ್ನೂ ನಡೀತಿರುತ್ತೆ. 14.0ರಲ್ಲಿ ಇದು ತುಂಬಾ ಭಾರ. ಇವೆಂಟ್‌ಗಳು, ಸಿಐ ಬಿಲ್ಡ್‌ಗಳು ಇಂಥ ಟೇಬಲ್‌ಗಳ ಐಡಿ 32 ಬಿಟ್‌ನಲ್ಲಿತ್ತು, ಅದಕ್ಕೆ ಸುಮಾರು 214 ಕೋಟಿಯ ಮಿತಿ. ಅದನ್ನ 64 ಬಿಟ್‌ಗೆ ತರಲು ಪ್ರತಿ ಸಾಲನ್ನೂ ಹೊಸ ಕಾಲಮ್ಮಿಗೆ ಕಾಪಿ ಮಾಡ್ತಾರೆ. ನಮ್ಮಂಥ ಪುಟ್ಟ ಸರ್ವರ್ 214 ಕೋಟಿ ಮುಟ್ಟೋದೇ ಇಲ್ಲ, ಆದರೂ ಮೈಗ್ರೇಷನ್ ಎಲ್ಲರಿಗೂ ಒಂದೇ.

ಅಡ್ಮಿನ್ ಏರಿಯಾದಲ್ಲಿ ಮಾನಿಟರಿಂಗ್, ಅದರ ಕೆಳಗೆ ಬ್ಯಾಕ್‌ಗ್ರೌಂಡ್ ಮೈಗ್ರೇಷನ್ಸ್. ಪ್ರತಿ ಟೇಬಲ್ಲಿನ ಮುಂದೆ ಶೇಕಡಾ ಎಷ್ಟಾಯ್ತು ಅಂತ ತೋರಿಸುತ್ತೆ. ಕ್ಯೂನಲ್ಲಿ ಒಂದೂ ಇಲ್ಲ, ಫೇಲ್ ಆದದ್ದೂ ಇಲ್ಲ ಅಂತಾದ ಮೇಲೆಯೇ ಮುಂದಿನ ಸ್ಟಾಪ್. ಕಾಯದೆ ಹೋದರೆ ಏನಾಗುತ್ತೆ ಅಂತ ನೋಡಲು ರಿಹರ್ಸಲ್ ಮೆಷಿನ್ನಿನಲ್ಲಿ ಬೇಕಂತಲೇ 14.0.12ರಿಂದ ತಕ್ಷಣ 14.3.6ಕ್ಕೆ ಹೋದೆ. ಡೇಟಾಬೇಸ್ ಮೈಗ್ರೇಷನ್ ಅರ್ಧಕ್ಕೆ ನಿಂತಿತು: ಮೈಗ್ರೇಷನ್ 'ಫಿನಿಶ್ಡ್' ಆಗಿರಬೇಕಿತ್ತು, ಆದರೆ 'ಆ್ಯಕ್ಟಿವ್' ಇದೆ ಅಂತ. ಪುಣ್ಯಕ್ಕೆ ಅದನ್ನ ಕೈಯಾರೆ ಮುಗಿಸಲು ಯಾವ ಫೈನಲೈಸ್ ಕಮಾಂಡ್ ಕೊಡಬೇಕು ಅಂತ ಅದೇ ಮೆಸೇಜಿನಲ್ಲಿ ಇರುತ್ತೆ. ಅದನ್ನ ಕೊಟ್ಟು, ಮುಗಿಯುವ ತನಕ ಕಾದು, ಮತ್ತೆ ರೀಕಾನ್ಫಿಗರ್ (ಸೆಟ್ಟಿಂಗ್ ಫೈಲ್ ಓದಿ ಎಲ್ಲವನ್ನೂ ಮತ್ತೆ ಹೊಂದಿಸುವ ಕಮಾಂಡ್) ಮಾಡಿದರೆ ಸರಿ ಹೋಯ್ತು. ಅಸಲಿ ಸರ್ವರಿನಲ್ಲಿ ಹೀಗಾಗಿದ್ದರೆ ಅಷ್ಟು ಹೊತ್ತೂ ಸೈಟ್ ಅರ್ಧಂಬರ್ಧ ಸ್ಥಿತಿಯಲ್ಲಿ ಇರುತ್ತಿತ್ತು.

ಇನ್ನು ಸೆಟ್ಟಿಂಗ್ ಫೈಲ್. 16.0ರಲ್ಲಿ ಗಿಟಲಿಯ (ಗಿಟ್‌ಲ್ಯಾಬ್ ಒಳಗೆ ರೆಪಾಸಿಟರಿಗಳನ್ನ ನೋಡಿಕೊಳ್ಳುವ ಭಾಗ) ಸೆಟ್ಟಿಂಗ್ ಬರೆಯುವ ರೀತಿಯೇ ಬದಲಾಯ್ತು. ಹಳೆಯ ಸಾಲುಗಳು ಉಳಿದಿದ್ದರೆ ರೀಕಾನ್ಫಿಗರ್ ಮುಂದೆ ಹೋಗೋದೇ ಇಲ್ಲ. ಹೊಸ ರೀತಿ 15.10ರಿಂದಲೇ ಒಪ್ಪುತ್ತೆ, ಅದಕ್ಕೆ 15.11.13ರಲ್ಲಿ ನಿಂತಾಗಲೇ ಬದಲಾಯಿಸಿಬಿಟ್ಟೆ. ಗಿಟ್‌ಲ್ಯಾಬ್-ಸಿಟಿಎಲ್ ಚೆಕ್-ಕಾನ್ಫಿಗ್ ಅಂತ ಒಂದು ಕಮಾಂಡ್ ಇದೆ, ಮುಂದಿನ ಆವೃತ್ತಿಯ ನಂಬರ್ ಕೊಟ್ಟರೆ ಯಾವ ಸಾಲು ತೆಗೆಯಬೇಕು ಅಂತ ಹೇಳುತ್ತೆ. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ.

ಪೋಸ್ಟ್‌ಗ್ರೆಸ್ ಕೂಡ ಜೊತೆಗೆ ಏರಬೇಕು. 16ಕ್ಕೆ ಹೋಗುವ ಮುಂಚೆ ಪೋಸ್ಟ್‌ಗ್ರೆಸ್ 13 ಇರಲೇಬೇಕು. ಪಿಜಿ-ಅಪ್‌ಗ್ರೇಡ್ ಕಮಾಂಡ್ ಡೇಟಾಬೇಸಿನ ಇನ್ನೊಂದು ಪೂರ್ತಿ ಕಾಪಿ ಮಾಡುತ್ತೆ, ಹಾಗಾಗಿ ಡಿಸ್ಕಿನಲ್ಲಿ ಅಷ್ಟು ಜಾಗ ಖಾಲಿ ಇದೆಯಾ ಅಂತ ಮೊದಲೇ ನೋಡಿ.

ರಿಹರ್ಸಲ್ ಆದ ಮೇಲೆ ಅಸಲಿ ಕೆಲಸಕ್ಕೆ ವಾರಾಂತ್ಯ ಆರಿಸಿಕೊಂಡೆವು. ಯಾರೂ ಪುಶ್ ಮಾಡಬೇಡಿ ಅಂತ ಹಿಂದಿನ ದಿನವೇ ಎಲ್ಲರಿಗೂ ಹೇಳಿದ್ದೆವು, ಸಿಐ ಕೆಲಸ ಓಡಿಸುವ ರನ್ನರ್‌ಗಳನ್ನ ನಿಲ್ಲಿಸಿದ್ದೆವು. ಪ್ರತಿ ಸ್ಟಾಪ್‌ನಲ್ಲೂ ಕ್ರಮ ಒಂದೇ: ಆವೃತ್ತಿಯ ನಂಬರ್ ಸಮೇತ ಆ್ಯಪ್ಟ್ ಇನ್‌ಸ್ಟಾಲ್, ಲಾಗಿನ್ ಆಗಿ ಒಂದು ಪ್ರಾಜೆಕ್ಟ್ ತೆರೆದು ನೋಡೋದು, ಒಂದು ಕ್ಲೋನ್, ಮೈಗ್ರೇಷನ್ ಪುಟ ಖಾಲಿಯಾಗುವ ತನಕ ಕಾಯೋದು. ಕಾಯುವಾಗ ಕೈ ತುರಿಸುತ್ತೆ, ನಿಜ. ಸುಮ್ನೆ ಕೂರಬೇಕು ಅಷ್ಟೇ.

16.7 ಬಂದ ಮೇಲೆ ಎರಡು ಪರೀಕ್ಷೆ ಓಡಿಸಿದೆ. ಗಿಟ್‌ಲ್ಯಾಬ್ ಚೆಕ್ ಒಂದು, ಡಾಕ್ಟರ್ ಸೀಕ್ರೆಟ್ಸ್ ಇನ್ನೊಂದು. ಎರಡನೆಯದು ಡೇಟಾಬೇಸಿನಲ್ಲಿ ಎನ್‌ಕ್ರಿಪ್ಟ್ ಆಗಿರುವ ಮೌಲ್ಯಗಳನ್ನ ಬಿಡಿಸೋಕೆ ಆಗುತ್ತಾ ಅಂತ ನೋಡುತ್ತೆ. ಎಲ್ಲದರ ಮುಂದೆಯೂ ಫೇಲ್ ಸೊನ್ನೆ ಅಂತ ಬಂತು. ಆಮೇಲೆ ರನ್ನರ್‌ಗಳನ್ನೂ 16.7ಕ್ಕೆ ತಂದು ಚಾಲೂ ಮಾಡಿದೆ. ಪ್ಯಾಕೇಜಿಗೆ ಹೋಲ್ಡ್ ಹಾಕಿದೆ, ಯಾರೋ ಮಾಮೂಲಿ ಆ್ಯಪ್ಟ್ ಅಪ್‌ಗ್ರೇಡ್ ಕೊಟ್ಟಾಗ ಗಿಟ್‌ಲ್ಯಾಬ್ ತಾನಾಗಿ ಏರಬಾರದಲ್ವಾ. ಹೊಸ ಆವೃತ್ತಿ ಪ್ರತಿ ತಿಂಗಳ ಮೂರನೇ ಗುರುವಾರ ಬರುತ್ತೆ, ಅದನ್ನ ಟೀಮಿನ ಕ್ಯಾಲೆಂಡರಿಗೆ ಸೇರಿಸಿದ್ದೇವೆ. ಮುಂದಿನ ಸ್ಟಾಪ್ 16.11, ಅದರ ನಂತರ 17ಕ್ಕೆ ಪೋಸ್ಟ್‌ಗ್ರೆಸ್ 14 ಬೇಕು. ರಿಹರ್ಸಲ್ ಮೆಷಿನ್ ಅಳಿಸಿಲ್ಲ.